ಮೈಸೂರು, ಮಂಡ್ಯ ಕಡೆ ಡಿಟಿಎಚ್ ಕನೆಕ್ಷನ್ ಎಲ್ಲಿ ತಗೋಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಬದಲಾಯಿಸಿದಾಗ, ಊರಲ್ಲಿರುವ ಅಪ್ಪ ಅಮ್ಮನಿಗೆ ಹೊಸ ಟಿವಿ ಕೊಡಿಸಿದಾಗ, ದಸರಾ ಹತ್ತಿರ ಬಂದಾಗ ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ನಾನು ಡೀಲರ್ ಅಲ್ಲ, ಯಾವ ಕಂಪನಿಯ ಕಡೆಯವನೂ ಅಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ, ಪಾಂಡವಪುರದ ಹತ್ತಿರ ಹಳ್ಳಿಯಲ್ಲಿರುವ ಅಮ್ಮನ ಮನೆಗೆ, ಇನ್ನೂ ನಾಲ್ಕೈದು ಕಡೆ ಕನೆಕ್ಷನ್ ಹಾಕಿಸಿ, ಕೆಟ್ಟಾಗ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವ ಕಂಪನಿ ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ದುಡ್ಡು ಕೊಟ್ಟು ನೋಡುವ ಡಿಟಿಎಚ್ ಈಗ ನಮ್ಮಲ್ಲಿ ಟಾಟಾ ಪ್ಲೇ, ಏರ್‌ಟೆಲ್, ಡಿಶ್ ಟಿವಿ, ಡಿಟುಎಚ್ ಮತ್ತು ಸನ್ ಡೈರೆಕ್ಟ್. ಡಿಶ್ ಟಿವಿ ಮತ್ತು ಡಿಟುಎಚ್ 2018ರಲ್ಲಿ ಒಂದಾದವು, ಹೆಸರು ಮಾತ್ರ ಎರಡು. ಟಾಟಾ ಸ್ಕೈ ಅಂತ ಹುಡುಕುವವರಿಗೆ ಹೇಳಬೇಕು, 2022ರಿಂದ ಅದೇ ಟಾಟಾ ಪ್ಲೇ. ಇವೆಲ್ಲದರ ಜೊತೆ ದೂರದರ್ಶನದ ಉಚಿತ ಡಿಡಿ ಫ್ರೀ ಡಿಶ್ ಇದೆ.

ಕನ್ನಡ ಚಾನೆಲ್ ನೋಡುವವರಿಗೆ ಇವುಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಚಾನೆಲ್‌ನವರು ಒಂದು ಕಂಪನಿಗೆ ಕೊಟ್ಟು ಇನ್ನೊಂದಕ್ಕೆ ತಾರತಮ್ಯ ಮಾಡುವ ಹಾಗಿಲ್ಲ ಅಂತ ಟ್ರಾಯ್ (ಟಿವಿ, ಫೋನ್ ಕಂಪನಿಗಳನ್ನು ನಿಯಂತ್ರಿಸುವ ಕೇಂದ್ರದ ಸಂಸ್ಥೆ) ನಿಯಮವೇ ಇದೆ. ಹಾಗಾಗಿ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಎಲ್ಲಾ ಕಡೆ ಸಿಗುತ್ತವೆ. ಕಂಪನಿ ಯಾವುದು ಅನ್ನುವುದಕ್ಕಿಂತ, ಕನೆಕ್ಷನ್ ಯಾರ ಕೈಯಿಂದ ತಗೊಳ್ಳುತ್ತೀರಿ ಅನ್ನುವುದು ಮುಖ್ಯ. ಆರು ತಿಂಗಳ ಮೇಲೆ ಒಂದು ಸಂಜೆ ಟಿವಿಯಲ್ಲಿ 'ಸಿಗ್ನಲ್ ಇಲ್ಲ' ಅಂತ ಬಂದಾಗ ಬೈಕ್ ಹತ್ತಿ ನಿಮ್ಮ ಮನೆಗೆ ಬರುವವರು ಯಾರು? ಅದನ್ನು ಮೊದಲು ಪತ್ತೆ ಮಾಡಿ.

ಪತ್ತೆ ಮಾಡುವುದು ಸುಲಭ. ನಿಮ್ಮ ಬೀದಿಯ ತಾರಸಿಗಳನ್ನು ನೋಡಿ. ಯಾವ ಕಂಪನಿಯ ಡಿಶ್ ಜಾಸ್ತಿ ಇದೆ? ಆ ಪೈಕಿ ಮೂರು ಮನೆಯವರನ್ನು ಕೇಳಿ: ಕೊನೆಯ ಸಲ ಕೆಟ್ಟಾಗ ಎಷ್ಟು ದಿನಕ್ಕೆ ಬಂದರು, ಎಷ್ಟು ತಗೊಂಡರು? ಹಳ್ಳಿಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಂದೇ ಊರಲ್ಲಿ ಹತ್ತು ಮನೆಗೆ ಒಂದೇ ಕಂಪನಿಯ ಡಿಶ್ ಇದೆ ಅಂದರೆ ಅದನ್ನು ನೋಡಿಕೊಳ್ಳುವವರು ಒಬ್ಬರು ಆ ಭಾಗದಲ್ಲಿ ಓಡಾಡುತ್ತಿದ್ದಾರೆ ಅಂತ ಅರ್ಥ.

ಹಾಗಾದರೆ ಕಂಪನಿ ವೆಬ್‌ಸೈಟಲ್ಲಿ ಬುಕ್ ಮಾಡಲಾ, ಅಂಗಡಿಗೆ ಹೋಗಲಾ?

ನೀವು ಇರುವ ಜಾಗದ ಮೇಲೆ ಹೋಗುತ್ತದೆ. ಮೈಸೂರು ನಗರದ ಒಳಗೆ, ಅಂದರೆ ಸರಸ್ವತಿಪುರಂ, ವಿಜಯನಗರ, ಸಿದ್ಧಾರ್ಥನಗರ ಥರದ ಕಡೆ ಇದ್ದರೆ ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ಆಪ್‌ನಲ್ಲೇ ಬುಕ್ ಮಾಡಿ. ಬೆಲೆ ಬರೆದಿರುತ್ತದೆ, ದುಡ್ಡು ನೇರ ಕಂಪನಿಗೆ ಹೋಗುತ್ತದೆ, ಮೊದಲ ದಿನದಿಂದಲೇ ಕನೆಕ್ಷನ್ ನಿಮ್ಮ ನಂಬರಿನಲ್ಲಿ ಇರುತ್ತದೆ. ಮಂಡ್ಯ ಪಟ್ಟಣದಲ್ಲೂ ಇದೇ ಸಲಹೆ.

ಆದರೆ ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆಯ ಹಳ್ಳಿಗಳಾದರೆ ನಾನು ತಾಲ್ಲೂಕು ಪೇಟೆಯಲ್ಲಿರುವ ಡೀಲರ್ ಹತ್ತಿರವೇ ಹೋಗು ಅನ್ನುತ್ತೇನೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿದರೂ ಕೊನೆಗೆ ಆ ಕೆಲಸ ಬರುವುದು ಅದೇ ಪೇಟೆಯ ಫಿಟ್ಟಿಂಗ್‌ನವರಿಗೆ. ಅವರ ಅಂಗಡಿಯ ಗಿರಾಕಿ ಆಗಿದ್ದರೆ ಅವರೇ ಜವಾಬ್ದಾರಿ ತಗೊಳ್ಳುತ್ತಾರೆ. ಎಂಟು ಕಿಲೋಮೀಟರ್ ದೂರದ ಹಳ್ಳಿಗೆ ಮಳೆಗಾಲದಲ್ಲಿ ಬರಬೇಕಾದಾಗ ಈ ಪರಿಚಯಕ್ಕೆ ಬೆಲೆ ಇದೆ. ಇನ್ನೂರು ರೂಪಾಯಿ ಜಾಸ್ತಿ ಆದರೂ ನಾನು ಅಲ್ಲೇ ತಗೊಳ್ಳುತ್ತೇನೆ.

ಅಂಗಡಿಗೆ ಹೋದರೆ ಮೂರು ವಿಷಯ ಕೇಳಿ. ಬಿಲ್ಲು ಕೊಡುತ್ತೀರಾ? ಬಾಕ್ಸ್ ನನ್ನದಾಗುತ್ತದಾ ಅಥವಾ ಬಾಡಿಗೆಗಾ? ಫಿಟ್ಟಿಂಗ್, ವೈರು, ಗೋಡೆಗೆ ಹಾಕುವ ಕಂಬಿ ಎಲ್ಲಾ ಸೇರಿ ಎಷ್ಟು? ಈ ಮೂರನೆಯದರಲ್ಲೇ ಜಗಳ ಆಗುವುದು. ಪ್ಯಾಕೆಟ್‌ನಲ್ಲಿ ಬರುವ ವೈರು ಸಾಮಾನ್ಯವಾಗಿ ಒಂದು ಅಂತಸ್ತಿಗೆ ಸಾಕಾಗುತ್ತದೆ. ಎರಡನೇ ಮಹಡಿಯ ತಾರಸಿಯಿಂದ ಕೆಳಗಿನ ಹಾಲ್‌ಗೆ ಇಳಿಸಬೇಕಾದರೆ ಹೆಚ್ಚುವರಿ ವೈರಿಗೆ ಮೀಟರ್ ಲೆಕ್ಕದಲ್ಲಿ ತಗೊಳ್ಳುತ್ತಾರೆ. ಆ ದರ ಮೊದಲೇ ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಟಿವಿ ಕೊಂಡ ಶೋರೂಮಿನಲ್ಲೇ 'ಜೊತೆಗೆ ಡಿಶ್ ಹಾಕಿಕೊಡ್ತೀವಿ' ಅಂದರೆ? ತಗೋಬಹುದು. ಆದರೆ ಸರ್ವಿಸ್‌ಗೆ ಯಾರಿಗೆ ಫೋನ್ ಮಾಡಬೇಕು ಅಂತ ಅಲ್ಲೇ ಕೇಳಿ. 'ಕಸ್ಟಮರ್ ಕೇರ್‌ಗೆ ಮಾಡಿ' ಅಂತಷ್ಟೇ ಹೇಳಿದರೆ ಅದಕ್ಕಿಂತ ವೆಬ್‌ಸೈಟೇ ವಾಸಿ.

ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಮುಂಗಡ ಕಳಿಸಿ ಅಂದರು. ಕಳಿಸಬಹುದಾ?

ಬೇಡ. ದಯವಿಟ್ಟು ಕಳಿಸಬೇಡಿ. ಹುಡುಕಿದಾಗ ಮೇಲೆ ಬರುವ ಎಲ್ಲಾ ನಂಬರೂ ಕಂಪನಿಯದಲ್ಲ. ಕಸ್ಟಮರ್ ಕೇರ್ ಅಂತ ಹೆಸರು ಹಾಕಿಕೊಂಡು ಮೋಸ ಮಾಡುವವರು ಇದ್ದಾರೆ. ನಂಬರ್ ಬೇಕಾದರೆ ಕಂಪನಿಯ ವೆಬ್‌ಸೈಟಿನಿಂದಲೇ ತಗೊಳ್ಳಿ.

ವಯಸ್ಸಾದವರಿಗೆ ಒಂದು ಮಾತು ಬಿಡಿಸಿ ಹೇಳಿಕೊಡಿ: ದುಡ್ಡು ನಮಗೆ ಬರಬೇಕಾದರೆ ಪಿನ್ ಹಾಕಬೇಕಾಗಿಲ್ಲ. 'ರೀಫಂಡ್ ಕಳಿಸಿದ್ದೀವಿ, ಪಿನ್ ಒತ್ತಿ' ಅಂದರೆ ಅದು ನಿಮ್ಮ ಖಾತೆಯಿಂದ ಹೋಗುವ ದುಡ್ಡು. ಫೋನಿಗೆ ಯಾವುದೋ ಆಪ್ ಹಾಕಿಕೊಳ್ಳಿ ಅಂದರೂ ಕೇಳಬೇಡಿ. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಕನೆಕ್ಷನ್ ಯಾರ ನಂಬರಿನಲ್ಲಿ ಇರಬೇಕು?

ನಿಮ್ಮದೇ ನಂಬರಿನಲ್ಲಿ. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಅಮ್ಮನ ಮನೆಗೆ ಮೊದಲ ಸಲ ಡಿಶ್ ಹಾಕಿಸಿದಾಗ ಅವರ ಹತ್ತಿರ ಮೊಬೈಲ್ ಇರಲಿಲ್ಲ. ಹಾಕಲು ಬಂದ ಹುಡುಗ 'ನನ್ನ ನಂಬರ್ ಕೊಟ್ಟಿರ್ತೀನಿ ಅಮ್ಮ, ಆಮೇಲೆ ಬದಲಾಯಿಸೋಣ' ಅಂದ. ಯಾರೂ ಬದಲಾಯಿಸಲಿಲ್ಲ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ, ನಂಬರ್ ಬದಲಾಯಿತು. ಒಂದು ದಿನ ಚಾನೆಲ್ ಪ್ಯಾಕ್ ಬದಲಾಯಿಸೋಣ ಅಂದರೆ ಒಟಿಪಿ ಹೋಗುತ್ತಿರುವುದು ಇಲ್ಲದ ನಂಬರಿಗೆ. ಫೋನ್ ಮಾಡಿದರೆ 'ನೋಂದಾಯಿತ ನಂಬರಿನಿಂದ ಕರೆ ಮಾಡಿ' ಅನ್ನುತ್ತಾರೆ. ಬಿಲ್ಲೂ ಇರಲಿಲ್ಲ. ಅಮ್ಮ ನೋಡದ ಹಿಂದಿ ಸಿನಿಮಾ ಚಾನೆಲ್‌ಗಳಿಗೆ ನಾವು ಹತ್ತು ತಿಂಗಳು ದುಡ್ಡು ಕಟ್ಟಿದೆವು. ಕೊನೆಗೆ ಗುರುತಿನ ಚೀಟಿ ಕೊಟ್ಟು, ಬಾಕ್ಸಿನ ಸಂಖ್ಯೆಯ ಫೋಟೊ ಕಳಿಸಿ, ನಾಲ್ಕು ಸಲ ಮಾತಾಡಿದ ಮೇಲೆ ಸರಿ ಹೋಯಿತು.

ಅದಕ್ಕೇ ಹೇಳುತ್ತೇನೆ. ಊರಲ್ಲಿ ಅಪ್ಪ ಅಮ್ಮ ಇದ್ದು ನೀವು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರೆ ನಿಮ್ಮ ನಂಬರ್ ಕೊಡಿ. ರೀಚಾರ್ಜ್ ಮುಗಿಯುವ ಮೆಸೇಜ್ ನಿಮಗೇ ಬರುತ್ತದೆ. ಗ್ರಾಹಕ ಸಂಖ್ಯೆಯನ್ನು ಟಿವಿ ಹಿಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.

ನಮ್ಮ ಮನೆ ಪಕ್ಕ ತೆಂಗಿನ ಮರ ಇದೆ. ಸಿಗ್ನಲ್ ಸಿಗುತ್ತದಾ?

ಮಂಡ್ಯ ಕಡೆ ಇದು ನಿಜವಾದ ಪ್ರಶ್ನೆ. ಕನೆಕ್ಷನ್ ಎಲ್ಲಿ ತಗೋಬೇಕು ಅನ್ನುವುದನ್ನು ಕೆಲವು ಮನೆಗಳಲ್ಲಿ ಮರವೇ ತೀರ್ಮಾನ ಮಾಡುತ್ತದೆ. ಹೇಗೆ ಅಂತ ಹೇಳುತ್ತೇನೆ.

ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮಗೆ ಒಂದೇ ಕಡೆ ನಿಂತ ಹಾಗೆ ಇರುತ್ತವೆ. ನಾವು ಭೂಮಧ್ಯರೇಖೆಗಿಂತ ಸ್ವಲ್ಪ ಉತ್ತರಕ್ಕಿದ್ದೇವೆ. ಹಾಗಾಗಿ ಡಿಶ್ ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಮುಖ ಮಾಡಬೇಕು. ಎಷ್ಟು ಪೂರ್ವಕ್ಕೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೈಸೂರು ಇರುವುದು ಸುಮಾರು 76.6 ಡಿಗ್ರಿಯಲ್ಲಿ. ಅಂದರೆ ಆ ಉಪಗ್ರಹ ನಮಗೆ ಹೆಚ್ಚು ಕಡಿಮೆ ನೆತ್ತಿಯ ಹತ್ತಿರವೇ, ದಕ್ಷಿಣಕ್ಕೆ ಸ್ವಲ್ಪ ವಾಲಿದ ಹಾಗೆ ಇದೆ. ಏರ್‌ಟೆಲ್‌ನದು 108.2 ಡಿಗ್ರಿ. ಅದು ನಮಗೆ ಬಹುಪಾಲು ಪೂರ್ವಕ್ಕೆ, ಇನ್ನೂ ಕೆಳಗೆ, ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಫ್ರೀ ಡಿಶ್ 93.5 ಡಿಗ್ರಿ, ಇವೆರಡರ ಮಧ್ಯೆ.

ಮನೆಯ ಪೂರ್ವಕ್ಕೆ ತೆಂಗಿನ ಸಾಲು ಇದ್ದರೆ ನೆತ್ತಿಯ ಹತ್ತಿರ ನೋಡುವ ಡಿಶ್ ವಾಸಿ. ದಕ್ಷಿಣಕ್ಕೆ ಒತ್ತಿಕೊಂಡು ಮೂರಂತಸ್ತಿನ ಕಟ್ಟಡ ಇದ್ದರೆ ಪೂರ್ವಕ್ಕೆ ನೋಡುವ ಡಿಶ್‌ಗೆ ದಾರಿ ಸಿಗಬಹುದು.

ಅಳತೆ ಸಲಕರಣೆ ಇಲ್ಲದೆ ನೋಡಬೇಕಾ? ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ ಸೂರ್ಯ ಸರಿಯಾಗಿ ಈ ಉಪಗ್ರಹಗಳ ಹಿಂದೆಯೇ ಹಾದು ಹೋಗುತ್ತಾನೆ. ನಮ್ಮ ಕಡೆ ಬೆಳಗ್ಗೆ ಹತ್ತು ಹತ್ತೂಕಾಲಿಗೆ ಏರ್‌ಟೆಲ್ ದಿಕ್ಕು, ಹನ್ನೊಂದೂಕಾಲಿನ ಹೊತ್ತಿಗೆ ಫ್ರೀ ಡಿಶ್ ದಿಕ್ಕು, ಹನ್ನೆರಡರ ಆಸುಪಾಸು ಟಾಟಾ ಪ್ಲೇ ದಿಕ್ಕು. ಆ ಹೊತ್ತಿಗೆ ಡಿಶ್ ಇಡುವ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ದಾರಿ ಖಾಲಿ ಇದೆ. ಗರಿಯ ನೆರಳು ಬಿದ್ದಿದ್ದರೆ ಜಾಗ ಬದಲಾಯಿಸಿ. ಬೇರೆ ತಿಂಗಳಲ್ಲಿ ಸೂರ್ಯನ ಎತ್ತರ ಬದಲಾಗುವುದರಿಂದ ಈ ಲೆಕ್ಕ ನಡೆಯುವುದಿಲ್ಲ. ಆಗ ಫಿಟ್ಟಿಂಗ್‌ನವರನ್ನೇ ಮೊದಲು ಜಾಗ ನೋಡಲು ಕರೆಯಿರಿ, ಆಮೇಲೆ ದುಡ್ಡು ಕೊಡಿ.

ಇನ್ನೊಂದು ವಿಷಯ. ಮರ ಬೆಳೆಯುತ್ತದೆ. ಇವತ್ತು ಎಳೆಯ ಗಿಡ ಅಂತ ಬಿಟ್ಟರೆ ಮೂರ್ನಾಲ್ಕು ವರ್ಷಕ್ಕೆ ಅದೇ ಅಡ್ಡ ಬರುತ್ತದೆ.

ಮಳೆ ಬಂದರೆ ಟಿವಿ ಹೋಗುತ್ತದಂತೆ. ಯಾವ ಕಂಪನಿದು ಹೋಗಲ್ಲ?

ಎಲ್ಲರದೂ ಹೋಗುತ್ತದೆ. ಈ ಸಿಗ್ನಲ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೊ ಅಲೆಗಳಲ್ಲಿ. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಜೋರು ಮಳೆ ಅದನ್ನು ಹೀರಿಕೊಂಡು ಬಿಡುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಹತ್ತು ಹದಿನೈದು ನಿಮಿಷ ಹೋಗಿ ತಾನೇ ಬಂದರೆ ಯೋಚನೆ ಬೇಡ. ತುಂತುರು ಮಳೆಗೂ ಹೋಗುತ್ತಿದ್ದರೆ ಡಿಶ್ ಸರಿಯಾಗಿ ಕೂತಿಲ್ಲ, ಅಥವಾ ಎಲ್‌ಎನ್‌ಬಿ (ಡಿಶ್ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಹತ್ತಿರ ಜಾಯಿಂಟಿಗೆ ನೀರು ಇಳಿದಿದೆ. ಫೋನ್ ಮಾಡಿ ಕರೆಸಿ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಹಗಲು ಹೊತ್ತು ಕೆಲವು ನಿಮಿಷ ಚಿತ್ರ ಒಡೆಯಬಹುದು. ಮೇಲೆ ಹೇಳಿದ ಸೂರ್ಯನೇ ಕಾರಣ. ಅದಕ್ಕೆ ಸರ್ವಿಸ್‌ನವರನ್ನು ಕರೆಸಿ ದುಡ್ಡು ಕೊಡಬೇಡಿ.

ತಿಂಗಳಿಗೆ ಎಷ್ಟು ಬೀಳುತ್ತದೆ? ಅಂಗಡಿಯವರು ಒಂದು ಹೇಳುತ್ತಾರೆ, ಬಿಲ್ಲಲ್ಲಿ ಇನ್ನೊಂದು ಇರುತ್ತದೆ.

ಬಿಲ್ಲಿನಲ್ಲಿ ಮೂರು ಭಾಗ ಇರುತ್ತದೆ. ಸಿಗ್ನಲ್ ಮನೆಗೆ ತಲುಪಿಸುವುದಕ್ಕೆ ತಗೊಳ್ಳುವ ನೆಟ್‌ವರ್ಕ್ ಶುಲ್ಕ, ನೀವು ಆರಿಸಿದ ಚಾನೆಲ್‌ಗಳ ಬೆಲೆ, ಇವೆರಡರ ಮೇಲೆ ಶೇಕಡಾ 18 ಜಿಎಸ್‌ಟಿ. 2019ರ ಫೆಬ್ರವರಿಯಲ್ಲಿ ಟ್ರಾಯ್ ಈ ಪದ್ಧತಿ ತಂದಾಗ ನೆಟ್‌ವರ್ಕ್ ಶುಲ್ಕಕ್ಕೆ 130 ರೂಪಾಯಿ ಮಿತಿ ಇತ್ತು. ತೆರಿಗೆ ಸೇರಿ 153 ರೂಪಾಯಿ ಚಿಲ್ಲರೆ. ಈಗಲೂ ತುಂಬಾ ಜನ ಆ 153ನ್ನೇ ನೆನಪಿಟ್ಟುಕೊಂಡಿದ್ದಾರೆ. ಆದರೆ 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆಯಿತು. ಈಗ ಕಂಪನಿಗಳೇ ಶುಲ್ಕ ನಿಗದಿ ಮಾಡಿ ಪ್ರಕಟಿಸುತ್ತವೆ. ಹಾಗಾಗಿ ಸೇರುವ ದಿನ ಇದು ಎಷ್ಟು ಅಂತ ಕೇಳಲೇಬೇಕು.

ಉದಾಹರಣೆಗೆ ನೆಟ್‌ವರ್ಕ್ ಶುಲ್ಕ 130, ಚಾನೆಲ್‌ಗಳು 110 ಅಂತ ಇಟ್ಟುಕೊಳ್ಳಿ. ಒಟ್ಟು 240. ತೆರಿಗೆ 43 ರೂಪಾಯಿ 20 ಪೈಸೆ. ಕೈಯಿಂದ ಹೋಗುವುದು 283 ರೂಪಾಯಿ 20 ಪೈಸೆ. ಅಂಗಡಿಯವರು '240ರ ಪ್ಯಾಕು' ಅಂದಿದ್ದರೆ ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. 'ತೆರಿಗೆ ಸೇರಿ ಎಷ್ಟು?' ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ.

ಪ್ಯಾಕ್ ಆರಿಸುವಾಗ ಮನೆಯವರೆಲ್ಲಾ ಕೂತು ಒಂದು ವಾರ ನಿಜವಾಗಿ ಯಾವ ಚಾನೆಲ್ ನೋಡಿದೆವು ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಹನ್ನೊಂದು ಬಂತು. ಅದರಲ್ಲಿ ಮೂರು ಉಚಿತದವು. ಡಿಡಿ ಚಂದನ ಎಲ್ಲಾ ಕಂಪನಿಯವರೂ ಕೊಡಲೇಬೇಕು, ಅದಕ್ಕೆ ಬೇರೆ ಬೆಲೆ ಇಲ್ಲ. ಉಳಿದವನ್ನು ಬಿಡಿಯಾಗಿ ತಗೊಂಡರೆ ಎಷ್ಟು, ಕನ್ನಡ ಪ್ಯಾಕಲ್ಲಿ ಎಷ್ಟು ಅಂತ ಆಪ್‌ನಲ್ಲಿ ಎರಡೂ ಲೆಕ್ಕ ಹಾಕಿ ನೋಡಿ. ಬಿಡಿಯೇ ಯಾವಾಗಲೂ ಅಗ್ಗ ಅಲ್ಲ. ಪ್ಯಾಕೇ ಅಗ್ಗ ಅನ್ನುವುದೂ ನಿಜ ಅಲ್ಲ. ಕ್ರಿಕೆಟ್ ಚಾನೆಲ್ ಬೇಕಾದರೆ ಸರಣಿ ಇರುವ ತಿಂಗಳು ಸೇರಿಸಿ, ಮುಗಿದ ಮೇಲೆ ತೆಗೆಯಿರಿ.

ಎರಡನೇ ಟಿವಿ ಇದ್ದರೆ ಅದಕ್ಕೂ ಬೇರೆ ಬಾಕ್ಸ್, ಬೇರೆ ಶುಲ್ಕ. ಅಡುಗೆಮನೆಯ ಚಿಕ್ಕ ಟಿವಿಗೆ ಬರೀ ಚಂದನ, ಒಂದೆರಡು ಸುದ್ದಿ ಚಾನೆಲ್ ಸಾಕು ಅನ್ನಿಸಿದರೆ ಎರಡಕ್ಕೂ ಒಂದೇ ಪ್ಯಾಕ್ ಹಾಕಿಸಬೇಡಿ.

ಒಂದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಕಡಿಮೆ ಆಗುತ್ತದೆ ಅಂತಾರೆ. ಕಟ್ಟಲಾ?

ಮೊದಲ ದಿನವೇ ಬೇಡ. ಒಂದು ತಿಂಗಳು ನೋಡಿ. ಒಂದು ಜೋರು ಮಳೆ ಬಂದು ಹೋಗಲಿ. ಒಂದು ಸಲ ಸರ್ವಿಸ್‌ಗೆ ಕರೆದು ನೋಡಿ. ಆಮೇಲೆ ತೃಪ್ತಿ ಆದರೆ ಆರು ತಿಂಗಳಿಗೋ ವರ್ಷಕ್ಕೋ ಕಟ್ಟಿ. ಕಟ್ಟಿದ ಮೇಲೆ ಮನಸ್ಸು ಬದಲಾದರೆ ವಾಪಸ್ ಸಿಗುವುದು ಕಷ್ಟ.

ಫ್ರೀ ಡಿಶ್ ಸಾಕಾಗುತ್ತದಾ?

ಕೆಲವರಿಗೆ ಖಂಡಿತ ಸಾಕು. 2004ರಲ್ಲಿ ಶುರುವಾದದ್ದು ಇದು. ಬಾಕ್ಸು, ಡಿಶ್ಶು, ಫಿಟ್ಟಿಂಗು ಸೇರಿ ಒಂದೇ ಸಲ ಸುಮಾರು 2000 ರೂಪಾಯಿ ಖರ್ಚು, ಆಮೇಲೆ ತಿಂಗಳ ಶುಲ್ಕವೇ ಇಲ್ಲ. ಎಲ್ಲೂ ಹೆಸರು ನೋಂದಾಯಿಸಬೇಕಾಗಿಲ್ಲ. ಫ್ರೀ ಡಿಶ್‌ಗೆ ಪ್ರತಿ ತಿಂಗಳು ರೀಚಾರ್ಜ್ ಮಾಡಿಸಬೇಕು ಅಂತ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ.

ಆದರೆ ಅದರಲ್ಲಿ ಹಿಂದಿ ಜಾಸ್ತಿ, ಕನ್ನಡ ಕಡಿಮೆ. ಚಂದನ ಸಿಗುತ್ತದೆ. ದಸರಾ ಜಂಬೂ ಸವಾರಿಯ ನೇರ ಪ್ರಸಾರ, ಕೃಷಿ ಕಾರ್ಯಕ್ರಮ, ಹಳೆಯ ಸಿನಿಮಾ ಇಷ್ಟರಲ್ಲೇ ಸಂತೋಷ ಪಡುವ ಹಿರಿಯರಿಗೆ, ತೋಟದ ಮನೆಗೆ ಇದು ಚೆನ್ನ. ರಾತ್ರಿ ಏಳರಿಂದ ಹತ್ತರವರೆಗೆ ಕನ್ನಡ ಧಾರಾವಾಹಿ ಬೇಕೇ ಬೇಕು ಅನ್ನುವ ಮನೆಗೆ ಇದು ಸಾಲುವುದಿಲ್ಲ.

ಬಾಡಿಗೆ ಮನೆ. ಡಿಶ್ ಹಾಕಿಸಬಹುದಾ?

ಓನರ್ ಹತ್ತಿರ ಮೊದಲು ಮಾತಾಡಿ. ತಾರಸಿಗೆ ಡ್ರಿಲ್ ಮಾಡಿದರೆ ಮಳೆಗಾಲದಲ್ಲಿ ಸೋರುತ್ತದೆ ಅನ್ನುವ ಭಯ ಅವರಿಗೆ ಇರುತ್ತದೆ, ಅದು ನ್ಯಾಯವೂ ಹೌದು. ಪ್ಯಾರಾಪೆಟ್ ಗೋಡೆಯ ಒಳಬದಿಗೆ ಹಾಕಿಸಿ. ಅಗ್ರಹಾರದ ಕಡೆಯ ಹೆಂಚಿನ ಮನೆಗಳಲ್ಲಿ ಗಟ್ಟಿ ಗೋಡೆ ಸಿಗುವ ಕಡೆಯೇ ಕಂಬಿ ನಿಲ್ಲಿಸಬೇಕು, ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಾಯಿಸುವವರಾದರೆ ಸ್ಥಳಾಂತರದ ಶುಲ್ಕ ಎಷ್ಟು ಅಂತ ಸೇರುವಾಗಲೇ ಕೇಳಿ. ಬೀದಿಯಲ್ಲಿ ಒಳ್ಳೆಯ ಕೇಬಲ್‌ನವರಿದ್ದರೆ ನಿಮಗೆ ಕೇಬಲ್ಲೇ ಅನುಕೂಲ ಆಗಬಹುದು.

ಹಳೆಯ ಬಾಕ್ಸ್ ಇಟ್ಟುಕೊಂಡು ಕಂಪನಿ ಮಾತ್ರ ಬದಲಾಯಿಸಬಹುದಾ?

ಆಗುವುದಿಲ್ಲ. ಮೊಬೈಲ್ ನಂಬರ್ ಹಾಗೆ ಇದನ್ನು ಪೋರ್ಟ್ ಮಾಡಲು ಬರುವುದಿಲ್ಲ. ಒಬ್ಬರ ಬಾಕ್ಸ್ ಇನ್ನೊಬ್ಬರ ಸಿಗ್ನಲ್ ಬಿಚ್ಚುವುದಿಲ್ಲ. ಡಿಶ್, ವೈರು ಉಪಯೋಗಕ್ಕೆ ಬರಬಹುದು, ಫಿಟ್ಟಿಂಗ್‌ನವರನ್ನು ಕೇಳಿ.

ಸಿಡಿಲಿಗೆ ಬಾಕ್ಸ್ ಸುಟ್ಟು ಹೋದರೆ?

ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ತೆಗೆಯಿರಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಡಿಶ್ ವೈರೂ ಬಾಕ್ಸಿನಿಂದ ಬಿಚ್ಚಿಟ್ಟಿರಬೇಕು. ಆದರೆ ಸಿಡಿಲು ಹೊಡೆಯುತ್ತಿರುವಾಗ ಆ ವೈರು ಮುಟ್ಟಬೇಡಿ, ಮೋಡ ಕಟ್ಟಿದಾಗಲೇ ಬಿಚ್ಚಿ.

ದೂರು ಎಲ್ಲಿ ಕೊಡಬೇಕು?

ಮೊದಲು ಕಂಪನಿಯ ದೂರು ಕೇಂದ್ರಕ್ಕೆ. ದೂರಿನ ಸಂಖ್ಯೆ ಬರೆದುಕೊಳ್ಳಿ, ಅದಿಲ್ಲದೆ ಮುಂದಿನ ಯಾವ ಮಾತೂ ನಡೆಯುವುದಿಲ್ಲ. ಅಲ್ಲಿ ಆಗದಿದ್ದರೆ ಕಂಪನಿಯಲ್ಲಿ ಬಗೆಹರಿಯದ ದೂರು ನೋಡುವ ನೋಡಲ್ ಅಧಿಕಾರಿಗೆ ಬರೆಯಿರಿ, ವಿವರ ವೆಬ್‌ಸೈಟಿನಲ್ಲಿ ಇರುತ್ತದೆ. ಟ್ರಾಯ್ ನಿಯಮ ಮಾಡುತ್ತದೆ ಹೊರತು ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದೂ ಆಗಲಿಲ್ಲ ಅಂದರೆ ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಬಿಲ್ಲು ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಫಿಟ್ಟಿಂಗ್ ದಿನ ನಾನು ಏನು ನೋಡಬೇಕು?

ಮನೆಯಲ್ಲಿ ನೀವೇ ಇರಿ. ಡಿಶ್ ಕೂರಿಸುವಾಗ ತಾರಸಿಗೆ ಜೊತೆಗೆ ಹೋಗಿ. ಬೋಲ್ಟುಗಳನ್ನು ಗಟ್ಟಿಯಾಗಿ ಬಿಗಿದಿದ್ದಾರಾ, ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತದಾ ನೋಡಿ. ಆಷಾಢದ ಗಾಳಿಗೆ ಒಂದು ಬೆರಳಿನಷ್ಟು ಸರಿದರೂ ಸಿಗ್ನಲ್ ಹೋಗುತ್ತದೆ. ವೈರು ಮನೆ ಒಳಗೆ ಬರುವ ಮುಂಚೆ ಒಂದು ಸಣ್ಣ ಸುತ್ತು ಕೆಳಗೆ ಇಳಿಬಿಡಿಸಿ, ಮಳೆ ನೀರು ವೈರಿನ ಗುಂಟ ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಟಿವಿ ಬಂದ ಮೇಲೆ ಸಿಗ್ನಲ್ ಬಲ ಮತ್ತು ಗುಣಮಟ್ಟ ತೋರಿಸುವ ಪರದೆಯನ್ನು ತೆರೆಸಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ತೊಂದರೆ ಬಂದಾಗ ಅವತ್ತಿನ ಅಂಕಿಗೆ ಹೋಲಿಸಿ ಹೇಳಬಹುದು. ಆಪ್‌ನಲ್ಲಿ ನಿಮ್ಮ ನಂಬರ್ ಹಾಕಿ ಒಟಿಪಿ ಬರುತ್ತದಾ ನೋಡಿ. ಪ್ಯಾಕ್ ನೀವು ಕೇಳಿದ್ದೇನಾ ನೋಡಿ. ಬಿಸಿಲಲ್ಲಿ ಮೇಲೆ ಹತ್ತಿ ಕೆಲಸ ಮಾಡಿದ್ದಾರೆ, ಒಂದು ಲೋಟ ಮಜ್ಜಿಗೆ ಕೊಡಿ, ಹೆಸರು ಮತ್ತು ನಂಬರ್ ಕೇಳಿ ಬರೆದುಕೊಳ್ಳಿ. ಬಿಲ್ಲು ಕೈಗೆ ಬಂದ ಮೇಲೆ ಉಳಿದ ದುಡ್ಡು ಕೊಡಿ.